ಗಡಿ ದಾಟಿದ ಗುರು

2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖಿನ ಚೀನಾ ಗಡಿಯಲ್ಲಿ ಕಾವಲಿದ್ದ ಭಾರತೀಯ ಸೈನಿಕರು ಗುರುತು ಸಿಗದ ಬೆಳಕುಗಳನ್ನು 329 ಸಲ ದಾಖಲಿಸಿದರು. ಅವುಗಳಲ್ಲಿ 155 ಸಲ ಆ ಬೆಳಕು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಒಳಬಂದಿದೆ ಎಂದು ಬರೆದುಕೊಂಡರು. ಒಂದು ಸಂಜೆ ಆರರ ಹೊತ್ತಿಗೆ ಕಾಣುತ್ತಿತ್ತು, ಇನ್ನೊಂದು ಬೆಳಗಿನ ಜಾವ ನಾಲ್ಕಕ್ಕೆ.

ಅವು ಚೀನಾದ ಬೇಹುಗಾರಿಕೆ ಡ್ರೋನ್‌ಗಳಿರಬೇಕು ಎಂಬ ಅನುಮಾನ ಹುಚ್ಚುತನದ್ದೇನಲ್ಲ. ಗಡಿಯಲ್ಲಿ ಡ್ರೋನ್ ಹಾರಾಟ ಹೆಚ್ಚುತ್ತಿದ್ದ ಕಾಲವದು. ಅಷ್ಟು ಎತ್ತರದ ತೆಳು ಗಾಳಿಯಲ್ಲಿ ಆಕಾಶದ ಬೆಳಕುಗಳು ಬಯಲುಸೀಮೆಯಲ್ಲಿ ಕಾಣುವುದಕ್ಕಿಂತ ಪ್ರಖರವಾಗಿ ಹೊಳೆಯುತ್ತವೆ. ರಾಡಾರಿಗೆ ಏನೂ ಸಿಗಲಿಲ್ಲವೆಂದು ವರದಿಯಾದಾಗಲೂ ಅನುಮಾನ ಕರಗಲಿಲ್ಲ. ವಸ್ತು ಲೋಹದ್ದಲ್ಲದಿರಬಹುದು ಎಂಬ ಊಹೆ ಹುಟ್ಟಿತು.

ಕೊನೆಗೆ ಪ್ರಶ್ನೆ ಬೆಂಗಳೂರಿಗೆ ಬಂತು. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಲಡಾಖ್ ಹೊಸದಲ್ಲ. ಅಲ್ಲಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅದರ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸಲಾಗುತ್ತದೆ. ಸಂಸ್ಥೆಯ ವಿಜ್ಞಾನಿಗಳು ಮೊದಲು ಮಾಡಿದ್ದು ಸರಳ ಕೆಲಸ: ಆ ಎರಡು ಬೆಳಕುಗಳು ಸುತ್ತಲಿನ ನಕ್ಷತ್ರಗಳ ನಡುವೆ ಎಲ್ಲಿವೆ, ಹೇಗೆ ಸರಿಯುತ್ತವೆ ಎಂದು ಗುರುತು ಹಾಕಿಕೊಂಡರು. ಸಂಜೆಯದು ಗುರು, ಬೆಳಗಿನದು ಶುಕ್ರ.

ಆ ಚಳಿಗಾಲದಲ್ಲಿ ಗುರು ಸೂರ್ಯ ಮುಳುಗುವ ಹೊತ್ತಿಗೆ ಮೂಡುತ್ತಿತ್ತು. ಶುಕ್ರ ಬೆಳ್ಳಿಯಾಗಿ ಸೂರ್ಯನಿಗಿಂತ ಮುಂಚೆ ಏಳುತ್ತಿತ್ತು. ಎರಡೂ ಏಳುವುದು ಪೂರ್ವದಲ್ಲಿ, ಅಂದರೆ ಚೀನಾದ ಕಡೆಯಲ್ಲಿ. ಭೂಮಿ ತಿರುಗಿದಂತೆ ಅವು ಮೇಲೇರಿ ಪಶ್ಚಿಮಕ್ಕೆ ವಾಲುತ್ತವೆ. ಕಾವಲಿನವನ ಕಣ್ಣಿಗೆ ಅದು ಗಡಿ ಉಲ್ಲಂಘನೆಯೇ. ಆ ವರ್ಷದ ಪಂಚಾಂಗದಲ್ಲಿ ಗುರು ವೃಷಭದಲ್ಲಿದ್ದಾನೆಂದು ಅಚ್ಚಾಗಿತ್ತು. ಆದರೆ ಬೇಹುಗಾರಿಕೆಯ ಕಡತಕ್ಕೆ ಪಂಚಾಂಗ ಜೋಡಿಸುವುದು ಯಾರಿಗೂ ಹೊಳೆಯುವ ಮಾತಲ್ಲ.

ಇದು ನಕ್ಕು ಮರೆಯುವ ಕತೆಯಲ್ಲ. 2013ರ ಏಪ್ರಿಲ್‌ನಲ್ಲಿ ಅದೇ ಲಡಾಖಿನ ದೆಪ್ಸಾಂಗ್‌ನಲ್ಲಿ ಎರಡೂ ಸೇನೆಗಳು ಸುಮಾರು ಮೂರು ವಾರ ಎದುರುಬದುರು ನಿಂತಿದ್ದವು. ಅಂಥ ಗಡಿಯಲ್ಲಿ ತಪ್ಪು ಗುರುತಿಗೆ ಬೆಲೆ ತೆರಬೇಕಾಗುತ್ತದೆ.

ಅಮೆರಿಕ ಆ ಬೆಲೆ ತೆತ್ತಿತ್ತು. 1948ರ ಜನವರಿ 7ರಂದು ಕೆಂಟಕಿಯಲ್ಲಿ ಕ್ಯಾಪ್ಟನ್ ಥಾಮಸ್ ಮಾಂಟೆಲ್ ಆಕಾಶದ ಹೊಳೆಯುವ ವಸ್ತುವೊಂದನ್ನು ಬೆನ್ನಟ್ಟಿ, ಆಮ್ಲಜನಕದ ವ್ಯವಸ್ಥೆಯಿಲ್ಲದೆ ಮೇಲೇರಿ, ವಿಮಾನ ಬಿದ್ದು ಸತ್ತರು. ಅದು ಶುಕ್ರಗ್ರಹವೆಂದು ವಾಯುಪಡೆ ಮೊದಲು ಹೇಳಿತು. ಸ್ಕೈಹುಕ್ ಎಂಬ ದೈತ್ಯ ಬಲೂನು ಎಂಬ ವಿವರಣೆ ಆಮೇಲೆ ಒಪ್ಪಿತವಾಯಿತು. ಸ್ಕೈಹುಕ್ ನೌಕಾಪಡೆಯ ಗುಟ್ಟಿನ ಯೋಜನೆ. ಒಂದು ಪಡೆ ಹಾರಿಬಿಟ್ಟದ್ದು ಇನ್ನೊಂದು ಪಡೆಗೆ ಗೊತ್ತಿರಲಿಲ್ಲ. ಮುಂದೆ 1952ರಿಂದ 1969ರವರೆಗೆ ನಡೆದ ಪ್ರಾಜೆಕ್ಟ್ ಬ್ಲೂಬುಕ್ 12,618 ವರದಿಗಳನ್ನು ಪರಿಶೀಲಿಸಿತು. 701ಕ್ಕೆ ಮಾತ್ರ ಗುರುತು ಸಿಗದೆ ಉಳಿಯಿತು.

ಅಂಥದ್ದೇ ದೈತ್ಯ ಬಲೂನುಗಳು ನಮ್ಮಲ್ಲೂ ಏಳುತ್ತವೆ. ದಂಡಿನ ಊರಾದ ಸಿಕಂದರಾಬಾದಿನ ಪೂರ್ವಕ್ಕೆ, ಇಸಿಐಎಲ್ ಬಳಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ 1969ರಿಂದ ಇದೆ. ಜಲಜನಕ ತುಂಬಿದ ತೆಳು ಪಾಲಿಥೀನ್ ಬಲೂನುಗಳು ಉಪಕರಣ ಹೊತ್ತು 30ರಿಂದ 42 ಕಿಲೋಮೀಟರ್ ಎತ್ತರಕ್ಕೆ ಏರುತ್ತವೆ. ಉಪಕರಣ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಹಾರಾಟದ ಕಾಲ ಬಂದಾಗ ಯಾವ ಜಿಲ್ಲೆಗಳಲ್ಲಿ ಬೀಳಬಹುದು, ಸಿಕ್ಕವರು ಏನು ಮಾಡಬೇಕು ಎಂದು ಪ್ರಕಟಣೆ ಹೊರಡುತ್ತದೆ. ಬೀದರ್, ಕಲಬುರಗಿ ಆ ಪಟ್ಟಿಯಲ್ಲಿವೆ.

2025ರ ಜನವರಿಯಲ್ಲಿ ಹುಮನಾಬಾದ್ ತಾಲೂಕಿನ ಜಲಸಂಗಿಯಲ್ಲಿ ಅಂಥದ್ದೊಂದು ಬಲೂನು ಮನೆಯ ಮೇಲೆ ಬಿತ್ತು. ಜನ ಬೆಚ್ಚಿದರು, ಪೊಲೀಸರು ಬಂದರು. ಆದರೆ ಹಾರಿಬಿಟ್ಟವರು ಯಾರೆಂಬುದು ಗುಟ್ಟಾಗಿರಲಿಲ್ಲ. ಹೈದರಾಬಾದಿನ ಬಲೂನೆಂದು ಬೇಗನೆ ತಿಳಿಯಿತು.

ಮೂರೂ ಕಡೆ ಜನ ಕಂಡದ್ದು ಸುಳ್ಳಲ್ಲ. ಕೆಂಟಕಿಯಲ್ಲಿ ಉತ್ತರ ಇನ್ನೊಂದು ಇಲಾಖೆಯ ಬೀಗದೊಳಗಿತ್ತು. ಲಡಾಖಿನಲ್ಲಿ ಅದು ಕೇಳಿದವರಿಗೆ ಸಿಕ್ಕಿತು, ಆದರೆ 329 ಸಲ ಬರೆದುಕೊಂಡ ಮೇಲೆ. ಜಲಸಂಗಿಗೆ ಅದು ಬಲೂನು ಬೀಳುವ ಮೊದಲೇ ಹೊರಟಿತ್ತು.