ಶಿಕ್ಷೆಯಾಗದ ಅಪ್ಪ

ಕೊರಿಯಾದ ಹಳೆಯ ಅಕ್ಕತಂಗಿಯರ ಕಥೆಯೊಂದು ಚರ್ಮ ಸುಲಿದ ಇಲಿಯ ಸುತ್ತ ತಿರುಗುತ್ತದೆ. ಮಲತಾಯಿ ಅದನ್ನು ದೊಡ್ಡವಳಾದ ಜಾಂಗ್‌ಹ್ವಾಳ ಹಾಸಿಗೆಯಲ್ಲಿಟ್ಟು, ಮದುವೆಯಾಗದ ಹುಡುಗಿಗೆ ಗರ್ಭ ಇಳಿದಿದೆ ಎಂದು ಗಂಡನಿಗೆ ತೋರಿಸುತ್ತಾಳೆ. ಅವನು ನಂಬುತ್ತಾನೆ. ರಾತ್ರೋರಾತ್ರಿ ಮಲಸೋದರನ ಜೊತೆ ಹೊರಡಿಸಿದ ಜಾಂಗ್‌ಹ್ವಾ ಕೊಳದ ಪಾಲಾಗುತ್ತಾಳೆ. ತಂಗಿ ಹೊಂಗ್‌ರ್ಯೊನ್ ಅದೇ ಕೊಳಕ್ಕೆ ಹಾರುತ್ತಾಳೆ. ಒಬ್ಬಳ ಹೆಸರಿಗೆ ಗುಲಾಬಿ, ಇನ್ನೊಬ್ಬಳ ಹೆಸರಿಗೆ ಕೆಂದಾವರೆ ಎಂದು ಅರ್ಥ.

ದೆವ್ವಗಳಾದ ಮೇಲೂ ಹುಡುಗಿಯರು ಯಾರ ಮೈಮೇಲೂ ಬರುವುದಿಲ್ಲ. ದೂರು ಕೊಡಲು ಊರಿನ ಅಧಿಕಾರಿಯ ಬಳಿ ಹೋಗುತ್ತಾರೆ. ಬಂದ ಬಂದ ಅಧಿಕಾರಿಗಳೆಲ್ಲ ಹೆದರಿ ಸಾಯುತ್ತಾರೆ. ಕೊನೆಗೊಬ್ಬ ಕೂತು ಕೇಳಿಸಿಕೊಳ್ಳುತ್ತಾನೆ. ಸಾಕ್ಷಿಯಾಗಿ ತಂದ ಒಣಗಿದ ಪಿಂಡದ ಹೊಟ್ಟೆ ಸೀಳಿಸಿದಾಗ ಸಿಕ್ಕಿದ್ದು ಇಲಿಯ ಹಿಕ್ಕೆ. ಈ ಭಾಗಕ್ಕೆ ಚರಿತ್ರೆಯ ಎಳೆಯೂ ಇದೆ: 17ನೇ ಶತಮಾನದಲ್ಲಿ, ಹ್ಯೋಜೊಂಗ್ ದೊರೆಯ ಕಾಲದಲ್ಲಿ, ಈಗ ಉತ್ತರ ಕೊರಿಯಾದಲ್ಲಿರುವ ಚೊಲ್ಸಾನ್‌ನ ಅಧಿಕಾರಿಯಾಗಿದ್ದ ಜೊನ್ ಡೊಂಗ್‌ಹುಲ್‌ನ ಹೆಸರಿಗೆ ಈ ಪ್ರಕರಣ ಅಂಟಿಕೊಂಡಿದೆ.

ಮಲತಾಯಿಗೂ ಅವಳ ಮಗನಿಗೂ ಮರಣದಂಡನೆ. ಅಪ್ಪನಿಗೆ? ಮೋಸಹೋದವನೆಂದು ಕ್ಷಮೆ. ಅವನು ಮತ್ತೆ ಮದುವೆಯಾಗುತ್ತಾನೆ, ಸತ್ತ ಮಕ್ಕಳೇ ಅವಳಿಗಳಾಗಿ ಅವನ ಮನೆಯಲ್ಲಿ ಹುಟ್ಟುತ್ತಾರೆ! ನಮ್ಮಲ್ಲೂ ದೆಹಲಿ ಸರ್ಕಾರ ಅನುದಾನ ಕೊಡದಿದ್ದರೆ ಅದು ‘ಮಲತಾಯಿ ಧೋರಣೆ’. ಪಕ್ಕದಲ್ಲೇ ಸುಮ್ಮನೆ ಕೂತ ಅಪ್ಪನ ಧೋರಣೆಗೆ ಭಾಷೆ ಒಂದು ಮಾತನ್ನೂ ಕಟ್ಟಿಲ್ಲ.

ಸಿನಿಮಾಕ್ಕೆ ಈ ಕಥೆ ಬೇಗ ಸಿಕ್ಕಿತು. ಜಪಾನಿನ ಆಳ್ವಿಕೆಯ ಕಾಲದಲ್ಲಿ, 1924ರಲ್ಲಿ, ಸೋಲ್‌ನ ಡಾನ್ಸೊಂಗ್ಸಾ ಚಿತ್ರಮಂದಿರದವರು ಅದನ್ನು ತೆರೆಗೆ ತಂದರು. ಬಂಡವಾಳದಿಂದ ಕ್ಯಾಮೆರಾದವರೆಗೆ ಕೊರಿಯನ್ನರೇ ದುಡಿದ ಚಿತ್ರವೆಂಬುದು ಅದರ ಹೆಮ್ಮೆ. ಆಮೇಲೆ ಹಲವು ಬಾರಿ ಬಂತು. ಆದರೆ ಕಥೆಯ ಲೆಕ್ಕವನ್ನೇ ತಿರುವಿಹಾಕಿದ್ದು 2003ರಲ್ಲಿ ಕಿಮ್ ಜಿ-ವೂನ್ ಮಾಡಿದ ‘ಎ ಟೇಲ್ ಆಫ್ ಟೂ ಸಿಸ್ಟರ್ಸ್’. (ಚಿತ್ರ ನೋಡದವರು ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು, ಮುಂದೆ ಗುಟ್ಟು ಬಯಲಾಗುತ್ತದೆ.)

ಕಿಮ್ ಮೊದಲು ಅಧಿಕಾರಿಯನ್ನೇ ತೆಗೆದುಹಾಕಿದ. ದೂರು ಕೇಳುವವರಿಲ್ಲದೆ ದೆವ್ವ ಸು-ಮಿ ಎಂಬ ಹುಡುಗಿಯ ತಲೆಯೊಳಗೆ ಸೇರಿತು. ನಾವು ನೋಡುತ್ತಿದ್ದ ಕ್ರೂರ ಮಲತಾಯಿ, ನಡುಗುವ ತಂಗಿ, ಇಬ್ಬರೂ ಅವಳ ಮನಸ್ಸು ಕಟ್ಟಿಕೊಂಡವರು. ನಿಜವಾದ ಉನ್-ಜು ಆ ಮನೆಗೆ ಬಂದದ್ದು ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳುವ ನರ್ಸ್ ಆಗಿ. ಹೆಂಡತಿ ಬದುಕಿರುವಾಗಲೇ ಅವಳಿಗೆ ಯಜಮಾನಿಯ ಜಾಗ ಕೊಟ್ಟವನು ಅಪ್ಪ. ಚಿತ್ರದಲ್ಲಿ ಅವನು ಹೆಚ್ಚು ಮಾತಾಡುವುದಿಲ್ಲ, ಮಗಳಿಗೆ ಮಾತ್ರೆ ಕೊಡುತ್ತಾನೆ. ಬಾಗಿಲುಗಳ ಕಿರುಗುಟ್ಟುವಿಕೆಗಿಂತ ಅವನ ಮೌನವೇ ಹೆಚ್ಚು ಹೆದರಿಸುತ್ತದೆ. 2009ರ ಹಾಲಿವುಡ್ ರೀಮೇಕ್ ‘ದಿ ಅನ್‌ಇನ್‌ವೈಟೆಡ್’ನಲ್ಲಿ ಈ ಭಾರ ಉಳಿಯಲಿಲ್ಲ.

ಕೊನೆಯ ಹಿನ್ನೋಟ: ಬಟ್ಟೆಯ ಬೀರುವಿನಲ್ಲಿ ಅಮ್ಮ ನೇಣು ಹಾಕಿಕೊಂಡಿದ್ದಾಳೆ. ಎಳೆಯಲು ಹೋದ ಸು-ಯೊನ್ ಮೇಲೆ ಬೀರು ಉರುಳಿದೆ, ಇನ್ನೂ ಉಸಿರಿದೆ. ಕಂಡ ಉನ್-ಜು ಹಿಂದೆ ಸರಿಯುತ್ತಾಳೆ, ತಡವರಿಸುತ್ತಾಳೆ, ಸು-ಮಿ ಎದುರಾದಾಗ ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ಸು-ಮಿ ಸಿಟ್ಟಿನಲ್ಲಿ ಮನೆಯಿಂದ ಹೊರನಡೆಯುತ್ತಾಳೆ. ಅಪ್ಪನನ್ನು ಕೂಗಬೇಕೆಂದು ಇಬ್ಬರಲ್ಲಿ ಯಾರಿಗೂ ತೋಚುವುದಿಲ್ಲ.