ಜಾಲಿಯ ತಿರುಳು

ನಮ್ಮ ನಿಡಗುಂದಿ ಕಡೆ ಜಾಲಿ ಎಂದರೆ ಮೊದಲು ನೆನಪಾಗುವುದು ಮುಳ್ಳು. ಹೊಲಕ್ಕೆ ಬೇಲಿ, ಆಡಿಗೆ ಕಾಯಿ, ಒಲೆಗೆ ಕಟ್ಟಿಗೆ, ಅಲ್ಲಿಗೆ ಅದರ ಲೆಕ್ಕ ಮುಗಿಯಿತು ಎನ್ನುವವರೇ ಹೆಚ್ಚು. ಬಾಣಂತಿಗೆ ಅಂಟಿನುಂಡಿ ಕಟ್ಟುವ ಹೆಂಗಸರಿಗೆ ಅದರ ಗುಣ ಇನ್ನಷ್ಟು ಗೊತ್ತು.

ಎತ್ತಿನ ಚಕ್ಕಡಿಯ ಕಾಲದಲ್ಲಿ ಬಡಿಗೇರರಿಗೂ ಗೊತ್ತಿತ್ತು. ಜಾಲಿ ಗಿಡ್ಡ, ಸೊಟ್ಟ; ಉದ್ದನೆಯ ಹಲಗೆ ಸಿಗುವುದು ಅಪರೂಪ. ಆದರೆ ಪೆಟ್ಟು ತಡೆಯುವ ಗಟ್ಟಿ ಕಟ್ಟಿಗೆ. ಗಾಲಿ, ರಂಟೆ, ಗಾಣ, ಒನಕೆ ಎಲ್ಲಕ್ಕೂ ಅದೇ ಬೇಕು. ಕಡಿದ ದಿಮ್ಮಿಯನ್ನು ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿಸಿಟ್ಟು ಹದ ಮಾಡುತ್ತಿದ್ದರು. ಹಾಗೆ ಮಾಡಿದರೆ ಹುಳದ ಕಾಟ ಕಡಿಮೆ.

ಈ ಮರದ ಶಾಸ್ತ್ರೀಯ ಹೆಸರಿನಲ್ಲಿ ನೈಲ್ ನದಿಯ ಹೆಸರಿದೆ. ಆ ದಂಡೆಯ ಈಜಿಪ್ಟಿನವರು ಮುಳ್ಳುಮರದ ಎರಡೆರಡು ಮೊಳದ ಹಲಗೆಗಳನ್ನು ಇಟ್ಟಿಗೆಯಂತೆ ಜೋಡಿಸಿ ಹಡಗು ಕಟ್ಟುತ್ತಿದ್ದರೆಂದು ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ತುಂಡುಗಳನ್ನು ಕೂಡಿಸಿ ಗಾಲಿ ಮಾಡಿದ ನಮ್ಮ ಬಡಿಗೇರರದೂ ಅದೇ ಜಾಣತನ.

1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಮುಂದೆ ಕೃಷ್ಣೆಯ ಹಿನ್ನೀರು 519.60 ಮೀಟರ್ ಮಟ್ಟಕ್ಕೆ ಏರಿತು. ದಂಡೆಯ ಊರುಗಳು ಎದ್ದವು. ಹೊಲದೊಡನೆ ಬದುವಿನ ಜಾಲಿಗಳೂ ಹೋದವು. ಚಕ್ಕಡಿಯ ಜಾಗಕ್ಕೆ ಟ್ರ್ಯಾಕ್ಟರ್ ಬಂತು. ಈಗ ರಸ್ತೆಬದಿಯಲ್ಲಿ ಪೊದೆಪೊದೆಯಾಗಿ ಬೆಳೆದಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಬೇರೆಯೇ ಗಿಡ.

ಮುಳುಗಡೆಗೆ ಹೋದ ಸೋದರಮಾವನ ಮನೆ ಬಿಚ್ಚಿದಾಗ ವ್ಯಾಪಾರಿ ಸಾಗವಾನಿ ಬಾಗಿಲಿಗೆ ನೋಟು ಎಣಿಸಿದ. ಜಾಲಿ ತೊಲೆಗಳನ್ನು ಉರುವಲಿನ ದರಕ್ಕೆ ಕೇಳಿದ. ಅತ್ತೆ ಒಂದು ತೊಲೆಯನ್ನು ಕೊಡಲೇ ಇಲ್ಲ. ಅದು ಅವರ ಹೊಲದ ಬದುವಿನಲ್ಲೇ ಬೆಳೆದ ಮರ.

ಕಟ್ಟಿಗೆ ಅಡ್ಡೆಯಲ್ಲಿ ಅದನ್ನು ಸೀಳಿಸಿದೆವು. ಹೊರಗೆ ಹೊಗೆ ಹಿಡಿದು ಕಪ್ಪಾಗಿತ್ತು. ಅಂಚಿನ ಬಿಳಿಭಾಗವನ್ನು ಹುಳ ತಿಂದಿತ್ತು, ತಿರುಳನ್ನು ಮುಟ್ಟಿರಲಿಲ್ಲ. ಗರಗಸ ನಿಂತು ಎರಡು ಹೋಳು ಬೇರೆಯಾದಾಗ ಒಳಗೆ ಕೆಂಗಂದು ಬಣ್ಣ, ಅದರಲ್ಲಿ ಕಪ್ಪು ಗೆರೆಗಳು. ಕಲ್ಲು ಬಂದಲ್ಲಿ ರಂಟೆಯ ಸಾಲು ಬಳಸಿಕೊಂಡು ಹೋಗುವಂತೆ, ಗಂಟು ಬಂದಲ್ಲಿ ಆ ಗೆರೆಗಳು ಬಳುಕಿ ಮುಂದೆ ಸಾಗಿದ್ದವು.

“ನಮ್ಮ ಹೊಲ ಇದರಾಗ ಉಳದೈತಿ ನೋಡವ್ವ” ಅಂದರು ಅತ್ತೆ.

ಆ ಹಲಗೆಯಲ್ಲಿ ಮೂರು ರೊಟ್ಟಿ ಮಣೆಗಳಾದವು. ಪರಿಹಾರದ ದುಡ್ಡು ಗಂಡುಮಕ್ಕಳ ಕೈಗೆ ಹೋಗಿತ್ತು. ಮೂವರು ಹೆಣ್ಣುಮಕ್ಕಳಿಗೆ ಹೊಲದಿಂದ ಬಂದ ಪಾಲು ಈ ಮಣೆಗಳೇ. ಎಣ್ಣೆ ಹಚ್ಚಿ ಒರೆಸಿದರೆ ಇಂದಿಗೂ ಗೆರೆಗಳು ಎದ್ದು ಕಾಣುತ್ತವೆ.