ಪರಿಸರ ಶಿಕ್ಷಣದಲ್ಲಿ ಡಿಜಿಟಲ್ ಸಾಹಿತ್ಯದ ಬಳಕೆ: ಸಿರುಗುಪ್ಪ ತಾಲ್ಲೂಕು

ಪೀಠಿಕೆ

ಪರಿಸರ ಶಿಕ್ಷಣವನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯವನ್ನಾಗಿ ಬೋಧಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿರ್ದೇಶಿಸಿತು. ಇಡೀ ರಾಜ್ಯಕ್ಕೆ ಅನ್ವಯಿಸುವ ಪಠ್ಯಪುಸ್ತಕದಲ್ಲಿ ಒಂದು ತಾಲ್ಲೂಕಿನ ಪರಿಸರಕ್ಕೆ ಅವಕಾಶ ಕಡಿಮೆ. ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ಕನ್ನಡ ಸಾಹಿತ್ಯದಿಂದ ಈ ಕೊರತೆಯನ್ನು ನೀಗಿಸಿಕೊಳ್ಳಬಹುದಾಗಿದೆ.

ಸ್ಥಳೀಯ ವಿಷಯಗಳು

1. ಎರೆಭೂತ: ತಾಲ್ಲೂಕಿನ ಎರೆಭೂಮಿಯು, ರಾಜ್ಯದಲ್ಲಿ ಈ ಹಕ್ಕಿಗೆ ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದು. 2011ರಿಂದ ಇದು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಹೆಣ್ಣು ಹಕ್ಕಿಯು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬಯಲು ನೆಲದ ಮೇಲೆ ಇಡುವುದರಿಂದ, ಒಂದು ಮೊಟ್ಟೆಯ ನಾಶವೂ ದೊಡ್ಡ ನಷ್ಟವೇ ಆಗಿದೆ.

2. ತುಂಗಭದ್ರಾ ಜಲಾಶಯ: ಆರಂಭದಲ್ಲಿ 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯವು ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ.

3. ಭತ್ತದ ಗದ್ದೆಗಳು: ಅತಿಯಾದ ನೀರಾವರಿ ಹಾಗೂ ಬಸಿಗಾಲುವೆಗಳ ಕೊರತೆಯಿಂದ ಎರೆಭೂಮಿಯು ಜೌಗು ಮತ್ತು ಸವಳಾಗುತ್ತದೆ.

ಲಭ್ಯವಿರುವ ಸಾಮಗ್ರಿ

• ಕರ್ನಾಟಕ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ: ಸಾರ್ವಜನಿಕ ಗ್ರಂಥಾಲಯ ಇಲಾಖೆಯು 2020ರಲ್ಲಿ ಆರಂಭಿಸಿದ್ದು, ನೋಂದಣಿ ಉಚಿತ.
• ಭಾರತವಾಣಿ: ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಯೋಜನೆ, ನಿಘಂಟು ಹಾಗೂ ಪಠ್ಯಗಳು ದೊರೆಯುತ್ತವೆ.
• ಸ್ಟೋರಿವೀವರ್: ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಚಿತ್ರಕಥೆಗಳ ತಾಣ, ಕನ್ನಡ ಕಥೆಗಳನ್ನು ಓದಬಹುದು, ಮುದ್ರಿಸಿಕೊಳ್ಳಬಹುದು.

ಬಳಸುವ ವಿಧಾನ

ಶಿಕ್ಷಕರು ವಾರಕ್ಕೆ ಒಂದು ಕಥೆ ಅಥವಾ ಲೇಖನವನ್ನು ಮೊದಲೇ ಇಳಿಸಿಕೊಂಡು ತರಗತಿಯಲ್ಲಿ ಓದಿಸತಕ್ಕದ್ದು. ಅನಂತರ ಮಕ್ಕಳು ಸಮೀಪದ ಕಾಲುವೆ, ಹೊಲ ಅಥವಾ ಕೆರೆಯನ್ನು ನೋಡಿ, ಓದಿದ್ದನ್ನೂ ಕಂಡದ್ದನ್ನೂ ಹೋಲಿಸಿ ಬರೆಯಬೇಕು. ಹಿರಿಯ ರೈತರಿಂದ ಹಕ್ಕಿ, ಹುಲ್ಲು ಮತ್ತು ಮಣ್ಣಿನ ಸ್ಥಳೀಯ ಹೆಸರುಗಳನ್ನು ಕೇಳಿ ಪಟ್ಟಿ ಮಾಡುವುದು ಉಪಯುಕ್ತ. ಪರದೆಯ ಮೇಲಿನ ಓದು ಹೊಲದ ವೀಕ್ಷಣೆಗೆ ಪೂರಕವೇ ಹೊರತು ಅದಕ್ಕೆ ಬದಲಿಯಲ್ಲ. ಮನೆಯಲ್ಲಿ ಅಂತರ್ಜಾಲ ಸಂಪರ್ಕವಿಲ್ಲದವರು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಸೌಲಭ್ಯದ ಬಗ್ಗೆ ವಿಚಾರಿಸಬಹುದು.

ಮುಖ್ಯ ಸೂಚನೆಗಳು

1. ಲೇಖಕರು ನಿಧನರಾದ ನಂತರ 60 ವರ್ಷಗಳವರೆಗೆ ಕೃತಿಸ್ವಾಮ್ಯ ಇರುತ್ತದೆ. ಅಂತಹ ಕೃತಿಗಳ ಅನಧಿಕೃತ ಪ್ರತಿಗಳನ್ನು ಹಂಚಬಾರದು.
2. ಎರೆಭೂತದ ಗೂಡು ಇರುವ ಸ್ಥಳವನ್ನಾಗಲಿ, ಸ್ಥಳ ಗುರುತಿಸಬಹುದಾದ ಛಾಯಾಚಿತ್ರವನ್ನಾಗಲಿ ಎಲ್ಲಿಯೂ ಪ್ರಕಟಿಸಬಾರದು. ಗೂಡು ಕಂಡುಬಂದಲ್ಲಿ ಹತ್ತಿರ ಹೋಗದೆ ಅರಣ್ಯ ಇಲಾಖೆಗೆ ಮಾತ್ರ ತಿಳಿಸುವುದು.
3. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಅನ್ವಯ ಈ ಹಕ್ಕಿಯನ್ನು ಬೇಟೆಯಾಡುವುದು ಹಾಗೂ ಅದರ ಮೊಟ್ಟೆಗಳನ್ನು ನಾಶಪಡಿಸುವುದು ಶಿಕ್ಷಾರ್ಹ ಅಪರಾಧ.

ಹೆಚ್ಚಿನ ಮಾಹಿತಿಗೆ ಸಿರುಗುಪ್ಪದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.